ದೂರ ಪ್ರಯಾಣಕ್ಕೆ ಮಧ್ಯಮ ತೂಕದ ಟೂರಿಂಗ್ ಬೈಕು: ದೀರ್ಘಾವಧಿ ಬಳಕೆಯ ವಿಮರ್ಶೆ

ನಾನು ಹಲವು ವರ್ಷಗಳಿಂದ ದೂರದ ಪ್ರಯಾಣಗಳಿಗೆ ಬಳಸುತ್ತಿರುವುದು 700 ಸಿಸಿ ಆಸುಪಾಸಿನ ಎರಡು ಸಿಲಿಂಡರಿನ ಎಂಜಿನ್, ಅರ್ಧ ಫೇರಿಂಗ್ (ಗಾಳಿ ತಡೆಯುವ ಮುಂಭಾಗದ ಹೊದಿಕೆ) ಮತ್ತು ಚೈನ್ ಡ್ರೈವ್ ಇರುವ, ಟ್ಯಾಂಕ್ ತುಂಬಿದಾಗ ಸುಮಾರು 215 ಕೆ.ಜಿ. ತೂಗುವ ಟೂರಿಂಗ್ ಬೈಕು. ಈ ವರ್ಗದ ಬೈಕುಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಅವುಗಳ ಗುಣದೋಷಗಳಲ್ಲಿ ಹೋಲಿಕೆಯೇ ಹೆಚ್ಚಾಗಿರುವುದರಿಂದ, ಮತ್ತು ಓದುಗರಿಗೆ ಬೇಕಿರುವುದು ಆಯ್ಕೆಯ ಮಾನದಂಡವೇ ಹೊರತು ನನ್ನ ಬೈಕಿನ ಜಾಹೀರಾತಲ್ಲವಾದ್ದರಿಂದ, ಮಾದರಿಯ ಹೆಸರನ್ನು ಬಿಟ್ಟಿದ್ದೇನೆ. ಇಷ್ಟು ಕಾಲದ ಬಳಕೆಯಿಂದ ನನಗೆ ಖಚಿತವಾಗಿರುವ ಸಂಗತಿ ಒಂದೇ: ಟೂರಿಂಗ್ ಬೈಕನ್ನು ಆರನೆಯ ಗಂಟೆಯ ಸವಾರಿಗಾಗಿ ಆರಿಸಬೇಕು. ಟೆಸ್ಟ್ ರೈಡ್‌ನಲ್ಲಿ ಮನ ಸೆಳೆದ ಅಶ್ವಶಕ್ತಿ, ಬಣ್ಣದ ಡಿಸ್‌ಪ್ಲೇ, ರೈಡಿಂಗ್ ಮೋಡ್‌ಗಳು ಆ ಹೊತ್ತಿಗೆ ನೆನಪಿಗೂ ಬರುವುದಿಲ್ಲ. ಕುತ್ತಿಗೆ, ಬೆನ್ನು, ಮಂಡಿ, ಕಿವಿಗಳು ಮಾತ್ರ ತಮ್ಮ ಅಭಿಪ್ರಾಯವನ್ನು ಬಿಡದೆ ಹೇಳುತ್ತಿರುತ್ತವೆ.

ದೂರ ಹೋಗುವವರಿಗೆ ದೊಡ್ಡ ಬೈಕೇ ಬೇಕೆಂಬ ಮಾತು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹೋಂಡಾ ಕಂಪನಿ 1974ರಲ್ಲಿ ಪ್ರದರ್ಶಿಸಿದ ಮೊದಲ ಗೋಲ್ಡ್ ವಿಂಗ್ 999 ಸಿಸಿಯ ನಾಲ್ಕು ಸಿಲಿಂಡರಿನ ಬೈಕಾಗಿತ್ತು. 1988ರ ಮಾದರಿಯ ಹೊತ್ತಿಗೆ ಅದಕ್ಕೆ ಆರು ಸಿಲಿಂಡರುಗಳೂ, ಸ್ಟಾರ್ಟರ್ ಮೋಟರಿನ ಬಲದಿಂದ ಹಿಂದಕ್ಕೆ ಸರಿಯುವ ರಿವರ್ಸ್ ವ್ಯವಸ್ಥೆಯೂ ಬಂದಿದ್ದವು. ಇಂದಿನ 1833 ಸಿಸಿಯ ಮಾದರಿ 360 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಇಬ್ಬರು ಕುಳಿತು ನೇರ ಹೆದ್ದಾರಿಯಲ್ಲಿ ದಿನವಿಡೀ ಸಾಗುವುದಾದರೆ ಇಂಥ ಬೈಕಿನ ಸುಖಕ್ಕೆ ಸಾಟಿಯಿಲ್ಲ. ಆ ತೂಕವೇ ಅಡ್ಡಗಾಳಿಯಲ್ಲಿ ಬೈಕನ್ನು ಸ್ಥಿರವಾಗಿಡುತ್ತದೆ. ಆದರೆ ಪ್ರಯಾಣವೆಂದರೆ ಓಡುವುದಷ್ಟೇ ಅಲ್ಲ. ಇಳಿಜಾರಿನಲ್ಲಿ ಮೂತಿ ಕೆಳಮುಖವಾಗಿ ನಿಂತ ಬೈಕನ್ನು ಹಿಂದಕ್ಕೆ ತಳ್ಳಬೇಕಾದಾಗ, ಜಲ್ಲಿಯ ಮೇಲೆ ತಿರುಗಿಸಬೇಕಾದಾಗ, ದಿನದ ಕೊನೆಗೆ ದಣಿದ ಕಾಲಿನಲ್ಲಿ ಸೈಡ್ ಸ್ಟ್ಯಾಂಡಿನಿಂದ ಎತ್ತಬೇಕಾದಾಗ ಪ್ರತಿ ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತದೆ. ಒಂಟಿಯಾಗಿ ಹೋಗುವವನಿಗೆ ಕೈಕೊಡಲು ಯಾರೂ ಇರುವುದಿಲ್ಲ. ಕೊಳ್ಳುವ ಮೊದಲು ಟ್ಯಾಂಕ್ ತುಂಬಿದ ಬೈಕನ್ನು ಎಂಜಿನ್ ಚಾಲೂ ಮಾಡದೆ ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡುವುದು, ಸುತ್ತುಬಂದು ನೋಡುವುದಕ್ಕಿಂತ ಹೆಚ್ಚು ತಿಳಿಸುತ್ತದೆ. ನಾನು ಮಧ್ಯಮ ತೂಕಕ್ಕೆ ಒಲಿದದ್ದು ಇದೇ ಕಾರಣಕ್ಕೆ, ಮತ್ತು ಆ ವಿಷಯದಲ್ಲಿ ಇಂದಿಗೂ ತೃಪ್ತನಾಗಿದ್ದೇನೆ.

ತೃಪ್ತಿ ತರದ ವಿಷಯವೆಂದರೆ ಗಾಳಿ. ಬಿಎಂಡಬ್ಲ್ಯು 1976ರಲ್ಲಿ ಆರ್ 100 ಆರ್‌ಎಸ್ ಬೈಕಿಗಾಗಿ ವಿಂಡ್ ಟನೆಲ್‌ನಲ್ಲಿ, ಅಂದರೆ ಕೃತಕವಾಗಿ ಗಾಳಿ ಹಾಯಿಸುವ ಸುರಂಗದಲ್ಲಿ, ಪರೀಕ್ಷಿಸಿ ಪೂರ್ಣ ಫೇರಿಂಗ್ ರೂಪಿಸಿದ್ದರಲ್ಲಿ ಸವಾರನನ್ನು ಗಾಳಿಯಿಂದ ಕಾಯುವ ಉದ್ದೇಶವೂ ಇತ್ತು. ಆ ಕೆಲಸ ಎಷ್ಟು ಕಷ್ಟವೆಂಬುದು ಇಂದಿನ ಬೈಕುಗಳನ್ನು ಓಡಿಸಿದಾಗಲೂ ಅರಿವಾಗುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ಹೀಗಾಗಿ ಗಂಟೆಗೆ 80 ಕಿ.ಮೀ.ಯಿಂದ 120 ಕಿ.ಮೀ.ಗೆ ಹೋದರೆ ಎದೆಯ ಮೇಲಿನ ಒತ್ತಡ ಎರಡು ಪಟ್ಟಿಗೂ, ಎಂಜಿನ್ ಗಾಳಿಗಾಗಿ ವ್ಯಯಿಸುವ ಶಕ್ತಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ನನ್ನ ಬೈಕಿನ ಮೂಲ ವಿಂಡ್‌ಸ್ಕ್ರೀನ್ ಎದೆಯನ್ನು ಚೆನ್ನಾಗಿಯೇ ಕಾಯುತ್ತಿತ್ತು, ಆದರೆ ಅದರ ಮೇಲಂಚಿನಿಂದ ಕದಡಿ ಬರುವ ಗಾಳಿ ನೇರವಾಗಿ ಹೆಲ್ಮೆಟ್ಟಿಗೆ ಬಡಿದು ತಲೆಯನ್ನು ಎಡೆಬಿಡದೆ ಅಲುಗಿಸುತ್ತಿತ್ತು. ಎತ್ತರದ ಸ್ಕ್ರೀನ್ ಹಾಕಿಸಿದರೆ ಇದು ನಿಲ್ಲುತ್ತದೆಂದು ಬಹುತೇಕರು ಭಾವಿಸುತ್ತಾರೆ. ಎತ್ತರದ ಸ್ಕ್ರೀನಿನ ಹಿಂದೆ ಒತ್ತಡ ಕುಸಿದು ಅಲ್ಲೇ ಸುಳಿಗಳು ಏಳುವುದರಿಂದ ಎಷ್ಟೋ ಸಲ ತೊಂದರೆ ಹೆಚ್ಚುತ್ತದೆ. ಗಿಡ್ಡ ಸ್ಕ್ರೀನ್ ಹಾಕಿಸಿ ಹೆಲ್ಮೆಟ್ಟನ್ನು ಕದಡದ ಗಾಳಿಗೆ ಒಡ್ಡಿದವರು ಹೆಚ್ಚು ನೆಮ್ಮದಿಯಿಂದಿರುತ್ತಾರೆ.

ಇದನ್ನು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ಮಿತವಾದ ವೇಗದಲ್ಲಿ, ಎಡಗೈಯ ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಸ್ಕ್ರೀನಿನ ಅಂಚಿನಿಂದ ಹಣೆಯ ಮಟ್ಟಕ್ಕೆ ನಿಧಾನವಾಗಿ ಏರಿಸಬೇಕು. ಕೆಳಗೆ ಗಾಳಿಯೇ ಇರುವುದಿಲ್ಲ. ನಡುವೆ ಒಂದು ಪಟ್ಟಿಯಲ್ಲಿ ಅಂಗೈ ನಡುಗುತ್ತದೆ. ಅದರ ಮೇಲೆ ಗಾಳಿ ಬಲವಾಗಿದ್ದರೂ ಸಮವಾಗಿರುತ್ತದೆ. ಆ ನಡುಕದ ಪಟ್ಟಿ ಹೆಲ್ಮೆಟ್ಟಿನ ಮಟ್ಟದಲ್ಲಿದ್ದರೆ ಆ ಸ್ಕ್ರೀನ್ ನಿಮ್ಮ ಎತ್ತರಕ್ಕೆ ಹೊಂದುವುದಿಲ್ಲ. ನನಗೆ ಕೊನೆಗೆ ಒದಗಿ ಬಂದದ್ದು ಮೂಲ ಸ್ಕ್ರೀನಿನ ಬುಡದಲ್ಲಿ ಎರಡು ಬೆರಳಿನಷ್ಟು ಸಂದು ಬಿಟ್ಟು, ಕೆಳಗಿನಿಂದಲೂ ಗಾಳಿ ನುಗ್ಗುವಂತೆ ಅದನ್ನು ಮುಂದಕ್ಕೆ ಸರಿಸಿದ್ದು. ಸ್ಕ್ರೀನ್ ಯಾವುದೇ ಇದ್ದರೂ ಇಯರ್‌ಪ್ಲಗ್ ಬೇಕೇ ಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು 90 ಡೆಸಿಬಲ್ ದಾಟುತ್ತದೆ. ದಿನದ ಕೊನೆಗೆ ಕಾಡುವ ದಣಿವಿನ ದೊಡ್ಡ ಪಾಲು ಕಿವಿಯ ಮೂಲಕ ಬಂದದ್ದೆಂಬುದು ಇಯರ್‌ಪ್ಲಗ್ ಬಳಸತೊಡಗಿದ ಮೇಲಷ್ಟೇ ಗೊತ್ತಾಗುತ್ತದೆ.

ಸೀಟಿನ ವಿಷಯದಲ್ಲಿ ಮೊದಲ ಹತ್ತು ನಿಮಿಷದ ಸುಖವನ್ನು ನಂಬಬಾರದು. ಮೆತ್ತನೆಯ ಫೋಮ್ ಒಂದೆರಡು ಗಂಟೆಗಳಲ್ಲಿ ಪೂರ್ತಿ ಅಮುಕಿಹೋಗಿ, ಸವಾರನ ಭಾರವೆಲ್ಲ ಕೂರುವ ಎರಡು ಮೂಳೆಗಳ ಕೆಳಗೆ ಬೀಳುತ್ತದೆ. ಗಟ್ಟಿಯಾದ, ಅಗಲವಾದ, ಮುಂದಕ್ಕೆ ಜಾರಿಸದ ಸೀಟು ಮಳಿಗೆಯಲ್ಲಿ ಒರಟಾಗಿ ಕಂಡರೂ ದೂರಕ್ಕೆ ಅದೇ ಸರಿ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ 24 ಗಂಟೆಗಳಲ್ಲಿ 1000 ಮೈಲಿ, ಅಂದರೆ ಸುಮಾರು 1609 ಕಿ.ಮೀ. ಓಡಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ಅಷ್ಟು ದೂರದ ಸವಾರಿಗೆ ಹೊರಡುವವರು ಎಂಜಿನ್ನಿಗೆ ಕೈ ಹಾಕುವ ಮೊದಲು ಸೀಟನ್ನು ಬದಲಿಸಿಕೊಳ್ಳುವುದರಲ್ಲಿ ಅರ್ಥವಿದೆ. ನಾನು ಮೂಲ ಸೀಟಿನ ಫೋಮ್ ತೆಗೆಸಿ ಹೆಚ್ಚು ಸಾಂದ್ರತೆಯದನ್ನು ಹಾಕಿಸಿದೆ. ಸೀಟು ತುಸು ಎತ್ತರವಾದದ್ದರಿಂದ ಮಂಡಿಯ ಮಡಿಕೆಯೂ ಕಡಿಮೆಯಾಯಿತು, ಇದು ಲೆಕ್ಕದಲ್ಲಿಲ್ಲದ ಲಾಭ.

ಮಾರಾಟದ ಪತ್ರಗಳಲ್ಲಿ ಯಾರೂ ಓದದ ಅಂಕಿಯೊಂದಿದೆ, ಅದು ಹೊರೆಯ ಮಿತಿ. ಅನುಮತಿಸಿದ ಗರಿಷ್ಠ ಒಟ್ಟು ತೂಕದಿಂದ ಬೈಕಿನ ಸ್ವಂತ ತೂಕ ಕಳೆದರೆ ಅದು ಸಿಗುತ್ತದೆ. ನನ್ನದರಲ್ಲಿ 195 ಕೆ.ಜಿ. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ಸವಾರ 90 ಕೆ.ಜಿ., ಹಿಂಬದಿಯ ಸವಾರರು 70 ಕೆ.ಜಿ., ರ್‍ಯಾಕು ಮತ್ತು ಖಾಲಿ ಪೆಟ್ಟಿಗೆಗಳೇ 15 ಕೆ.ಜಿ. ಎಂದಿಟ್ಟುಕೊಂಡರೆ, ಇಬ್ಬರ ಬಟ್ಟೆಬರೆ, ಉಪಕರಣ, ನೀರು ಎಲ್ಲಕ್ಕೂ ಸೇರಿ ಉಳಿಯುವುದು 20 ಕೆ.ಜಿ. ಮಾತ್ರ. ಒಬ್ಬರಿಗೆ ಈ ಬೈಕು ಧಾರಾಳ, ಇಬ್ಬರಿಗೆ ಬಿಗಿ. ಸದಾ ಜೋಡಿಯಾಗಿ ಹೋಗುವವರು ಈ ವರ್ಗವನ್ನು ಬಿಟ್ಟು ಒಂದು ಮೆಟ್ಟಿಲು ಮೇಲೆ ನೋಡುವುದು ಒಳ್ಳೆಯದು. ಭಾರವನ್ನು ಎಲ್ಲಿಡುತ್ತೇವೆ ಎಂಬುದೂ ಮುಖ್ಯ. ಹಿಂಬದಿಯ ಟಾಪ್ ಬಾಕ್ಸ್ ಹಿಂದಿನ ಆಕ್ಸಲ್‌ಗಿಂತ ಹಿಂದೆ, ಎತ್ತರದಲ್ಲಿರುವುದರಿಂದ ಅದರೊಳಗಿನ ಭಾರ ಮುಂದಿನ ಚಕ್ರವನ್ನು ಹಗುರಗೊಳಿಸಿ, ವೇಗದಲ್ಲಿ ಹ್ಯಾಂಡಲ್ ಅದುರುವಂತೆ ಮಾಡುತ್ತದೆ. ಭಾರದ ವಸ್ತುಗಳು ಪಕ್ಕದ ಪೆಟ್ಟಿಗೆಗಳ ತಳದಲ್ಲೇ ಇರಬೇಕು.

ಹೊರೆ ಏರಿದಾಗ ಹಿಂದಿನ ಸಸ್ಪೆನ್ಷನ್ನಿನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅಮುಕಿಟ್ಟಿರುವ ಪ್ರಮಾಣ) ಹೆಚ್ಚಿಸದಿದ್ದರೆ ಬೈಕು ಹಿಂದಕ್ಕೆ ಕುಸಿದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ತಿರುವುಗಳಲ್ಲಿ ಬೈಕು ಹೊರಕ್ಕೆ ಎಳೆಯುತ್ತದೆ. ನನ್ನ ಬೈಕಿನಲ್ಲಿ ಇದಕ್ಕಿರುವುದು ಹಲ್ಲುಗಳಿರುವ ಉಂಗುರ. ಅದನ್ನು ತಿರುಗಿಸಲು ಕೊಕ್ಕೆ ಸ್ಪ್ಯಾನರನ್ನು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮತ್ತು ಮಡ್‌ಗಾರ್ಡಿನ ನಡುವೆ ತೂರಿಸಬೇಕು, ಪ್ರತಿ ಸಲವೂ ಬೆರಳಿನ ಗೆಣ್ಣು ತರಚುತ್ತದೆ. ಕೈಯಿಂದಲೇ ತಿರುಗಿಸುವ ರಿಮೋಟ್ ಪ್ರಿಲೋಡ್ ಗುಂಡಿ ಇರುವ ಮಾದರಿಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕ. ಅದೇ ಹಣಕ್ಕೆ ಸಿಗುವ ಬೇರೆ ಎಷ್ಟೋ ಸೌಕರ್ಯಗಳ ಬಗ್ಗೆ ನಾನು ಈ ಮಾತು ಹೇಳಲಾರೆ.

ಎಂಜಿನ್ನಿನ ಬಗ್ಗೆ ದೂರುಗಳಿಲ್ಲ. 270 ಡಿಗ್ರಿ ಕ್ರ್ಯಾಂಕಿನ (ಎರಡು ಪಿಸ್ಟನ್‌ಗಳು ಮುಕ್ಕಾಲು ಸುತ್ತಿನ ಅಂತರದಲ್ಲಿ ಚಲಿಸುವ) ಈ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲೇ, ಅಂದರೆ ನಿಧಾನವಾಗಿ ಸುತ್ತುವಾಗಲೇ, ಬಲವಾಗಿ ಎಳೆಯುವುದರಿಂದ ಹೊರೆಯಿದ್ದಾಗ ಪದೇ ಪದೇ ಗೇರ್ ಇಳಿಸಬೇಕಾಗಿಲ್ಲ. ಪರೀಕ್ಷಿಸಬೇಕಾದದ್ದು ಗರಿಷ್ಠ ಶಕ್ತಿಯನ್ನಲ್ಲ. ನೀವು ದಿನವಿಡೀ ಸಾಗುವ ವೇಗದಲ್ಲಿ, ಮೇಲಿನ ಗೇರಿನಲ್ಲಿ, ಹ್ಯಾಂಡಲ್ ಮತ್ತು ಫುಟ್‌ಪೆಗ್‌ಗಳಿಗೆ ಎಷ್ಟು ಕಂಪನ ಬರುತ್ತದೆ ಎಂಬುದನ್ನು. 17 ಲೀಟರ್ ಟ್ಯಾಂಕಿಗೆ, ಗಂಟೆಗೆ 90 ಕಿ.ಮೀ. ಆಸುಪಾಸಿನಲ್ಲಿ ಓಡಿಸಿದರೆ ಲೀಟರಿಗೆ 23 ಕಿ.ಮೀ. ಸಿಗುತ್ತದೆ, ಪೆಟ್ಟಿಗೆಗಳನ್ನು ಹಾಕಿ 120ರಲ್ಲಿ ಓಡಿಸಿದರೆ 18ಕ್ಕೆ ಇಳಿಯುತ್ತದೆ. ರಿಸರ್ವ್‌ಗೆಂದು ಮೂರು ಲೀಟರ್ ಬಿಟ್ಟರೆ ನೆಮ್ಮದಿಯ ದೂರ 250 ಕಿ.ಮೀ. ದೇಹಕ್ಕೂ ಅಷ್ಟು ಹೊತ್ತಿಗೆ ವಿರಾಮ ಬೇಕಾಗಿರುವುದರಿಂದ ಇನ್ನೂ ದೊಡ್ಡ ಟ್ಯಾಂಕ್ ಬೇಕೆಂದು ನನಗೆ ಅನ್ನಿಸಿಲ್ಲ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಲುಕಿ ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಟೂರಿಂಗ್ ಬೈಕನ್ನು ಪರಿಗಣಿಸಲೇಬಾರದು. ವೇಗವನ್ನು ತಾನೇ ಒಂದೇ ಸಮನೆ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್, ಆಕ್ಸಿಲರೇಟರ್ ಹಿಡಿದಿರುವ ಬಲ ಮಣಿಕಟ್ಟಿಗೆ ದೊಡ್ಡ ಉಪಕಾರ. ಉಳಿದ ಎಲೆಕ್ಟ್ರಾನಿಕ್ಸ್ ಇದ್ದರೆ ಇರಲಿ.

ಟೈರುಗಳ ವಿಷಯದಲ್ಲಿ ಟ್ಯೂಬ್‌ಲೆಸ್ ಚಕ್ರವೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆ ಪ್ಲಗ್ ತುಂಬಿಸಿ, ಸಣ್ಣ ಪಂಪಿನಿಂದ ಗಾಳಿ ಹಿಡಿಸಿ ಮುಂದೆ ಸಾಗಬಹುದು. ಟ್ಯೂಬ್ ಇರುವ ಕಡ್ಡಿ ಚಕ್ರಗಳಿಗೆ ಅದೇ ಕೆಲಸ ರಸ್ತೆಬದಿಯಲ್ಲಿ ದೊಡ್ಡ ರಗಳೆ. ಹೆದ್ದಾರಿಯಲ್ಲಿ ಹೆಚ್ಚು ಓಡಿದ ಹಿಂದಿನ ಟೈರು ನಡುಭಾಗದಲ್ಲಿ ಸವೆದು ಚಪ್ಪಟೆಯಾಗುತ್ತದೆ. ಟೈರಿನ ಮೇಲಿನ ಪಟ್ಟೆಗಳ ಆಳ (ಟ್ರೆಡ್) ಇನ್ನೂ ಉಳಿದಿದ್ದರೂ ಬೈಕು ತಿರುವಿಗೆ ಬಾಗಲು ಹಿಂಜರಿದು ಆಮೇಲೆ ಒಮ್ಮೆಗೇ ವಾಲತೊಡಗಿದರೆ ಟೈರು ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು. ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯ ಸಂಕೇತ ನೋಡಿ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು.

ಈ ಬೈಕಿನಲ್ಲಿ ನನಗೆ ನಿಜಕ್ಕೂ ಬೇಸರ ತರುವುದು ಚೈನು. ದೂರ ಪ್ರಯಾಣದಲ್ಲಿ ಒಂದೆರಡು ದಿನಕ್ಕೊಮ್ಮೆ, ಮಳೆಯಲ್ಲಿ ಓಡಿದ್ದರೆ ಅದೇ ಸಂಜೆ, ಎಣ್ಣೆ ಹಾಕಬೇಕು. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಬೈಕನ್ನು ಅಷ್ಟಷ್ಟೇ ಮುಂದಕ್ಕೆ ತಳ್ಳುತ್ತಾ ಹಾಕಬೇಕು. ಸೆಂಟರ್ ಸ್ಟ್ಯಾಂಡನ್ನು ನಾನು ಬೇರೆಯಾಗಿ ಹಾಕಿಸಬೇಕಾಯಿತು, ಟೂರಿಂಗ್ ಎಂದು ಕರೆದುಕೊಳ್ಳುವ ಬೈಕಿಗೆ ಅದನ್ನು ಕೊಡದಿರುವುದು ಜಿಪುಣತನ. ಚೈನಿನ ಬದಲು ಮುಚ್ಚಿದ ತಿರುಗುವ ದಂಡದಿಂದ ಚಕ್ರಕ್ಕೆ ಶಕ್ತಿ ಸಾಗಿಸುವ ಶಾಫ್ಟ್ ಡ್ರೈವ್ ಇದ್ದರೆ ಈ ಗೊಡವೆಯಿಲ್ಲ, ನಿಗದಿತ ಅವಧಿಗೆ ಎಣ್ಣೆ ಬದಲಿಸಿದರೆ ಸಾಕು. ಆದರೆ ಶಾಫ್ಟ್ ಇರುವ ಬೈಕುಗಳು ಹೆಚ್ಚಾಗಿ ದೊಡ್ಡ ಎಂಜಿನ್ನಿನವು, 230 ಕೆ.ಜಿ.ಗೂ ಮೇಲ್ಪಟ್ಟವು. ನನ್ನ ಮಟ್ಟಿಗೆ ಮುಂದಿನ ಬೈಕಿನ ಆಯ್ಕೆ ನಿಂತಿರುವುದು ಈ ಚೌಕಾಸಿಯಲ್ಲೇ. ಶಾಫ್ಟ್ ಇದ್ದೂ ಇಷ್ಟೇ ಹಗುರವಾದ ಬೈಕು ಸಿಗುವವರೆಗೆ, ಹಿಂದಿನ ಟೈರು ಬದಲಿಸುವಾಗಲೆಲ್ಲ ಚೈನು, ಸ್ಪ್ರಾಕೆಟ್‌ಗಳ ಸವೆತವನ್ನೂ ನೋಡಿಕೊಂಡು ಇದನ್ನೇ ಓಡಿಸುವ ವಿಚಾರವಿದೆ.