ಗಾಯಗೊಂಡ ವೇಗಿಯನ್ನು ತಂಡ ಉಳಿಸಿಕೊಳ್ಳಬೇಕೇ? ಕಾರವಾರದ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ನಾವು ಕಂಡದ್ದು

ಅಂಕೋಲೆಯ ನಮ್ಮ ಕ್ರಿಕೆಟ್ ತಂಡದ ಆರಂಭಿಕ ವೇಗಿ 2025ರ ಏಪ್ರಿಲ್‌ನಲ್ಲಿ ಬೆನ್ನು ಹಿಡಿದುಕೊಂಡು ಮ್ಯಾಟಿನ ಮೇಲೆ ಕುಳಿತ ದಿನದಿಂದ, ಅವನನ್ನು ಮುಂದಿನ ಹಂಗಾಮಿಗೆ ಉಳಿಸಿಕೊಳ್ಳಬೇಕೇ ಬಿಡಬೇಕೇ ಎಂಬ ಪ್ರಶ್ನೆ ನಮ್ಮ ಸಮಿತಿಯನ್ನು ಏಳು ತಿಂಗಳು ಕಾಡಿತು. ನಮ್ಮ ಲೀಗಿನಲ್ಲಿ ಆಟಗಾರರನ್ನು ಅಂಕಗಳ ಲೆಕ್ಕದಲ್ಲಿ ಹರಾಜು ಹಾಕುತ್ತಾರೆ. ಹರಾಜಿಗೆ ಮೊದಲು ಪ್ರತಿ ತಂಡ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಂಡ ಒಬ್ಬೊಬ್ಬನಿಗೂ ತಂಡದ ಒಟ್ಟು ಅಂಕಗಳಲ್ಲಿ ಐದನೆಯ ಒಂದು ಪಾಲು ಕಡಿತವಾಗುತ್ತದೆ. ಆಡಲಾಗದವನಿಗೆ ಆ ಪಾಲನ್ನು ಕಟ್ಟಿದರೆ ಬೇರೆ ಇಬ್ಬರು ಒಳ್ಳೆಯ ಆಟಗಾರರು ಕೈತಪ್ಪುತ್ತಾರೆ. ಆಡಬಲ್ಲವನನ್ನು ಬಿಟ್ಟರೆ ಅವನೇ ಎದುರಾಳಿಯಾಗಿ ಬಂದು ನಿಲ್ಲುತ್ತಾನೆ. ಈ ಇಕ್ಕಟ್ಟಿನಿಂದ ನಮ್ಮನ್ನು ಪಾರುಮಾಡಿದ, ಕಾರವಾರದ ಒಂದು ಫಿಸಿಯೋಥೆರಪಿ ಕೇಂದ್ರದ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದನ್ನು ಒಬ್ಬರೇ ನಡೆಸುತ್ತಾರೆ, ಈಗ ಬರುವವರನ್ನು ನೋಡಿ ಮುಗಿಸುವುದೇ ಅವರಿಗೆ ಕಷ್ಟವಾಗಿದೆ, ಆದ್ದರಿಂದ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಹೆಸರಿಲ್ಲದಿದ್ದರೂ, ಇಂಥ ಸೇವೆ ಹೇಗಿರಬೇಕು ಎಂಬುದು ತಿಳಿದರೆ ಹೊನ್ನಾವರದವರಾಗಲಿ ಶಿರಸಿಯವರಾಗಲಿ ತಮ್ಮ ಊರಿನಲ್ಲಿ ಏನನ್ನು ಕೇಳಿ ಪಡೆಯಬೇಕೆಂದು ಅರಿಯಬಹುದು.

ಹುಡುಗನಿಗೆ ನೋವು ಶುರುವಾದದ್ದು ಮಾರ್ಚ್‌ನಲ್ಲಿ. ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದು, ಮೂಳೆ ಸರಿಯಾಗಿದೆ, ಸ್ನಾಯು ಹಿಡಿದುಕೊಂಡಿದೆ ಎಂದು ಹೇಳಿ, ಮಾತ್ರೆ ಬರೆದುಕೊಟ್ಟು ಹತ್ತು ದಿನ ಬೆನ್ನಿಗೆ ಕರೆಂಟ್ ಕೊಟ್ಟರು. ನೋವು ತಗ್ಗಿತು, ಹುಡುಗ ಮತ್ತೆ ಚೆಂಡು ಹಿಡಿದ, ಎರಡನೆಯ ಪಂದ್ಯದಲ್ಲಿ ಕುಸಿದು ಕುಳಿತ. ವೇಗದ ಬೌಲರುಗಳ ಬೆನ್ನುಮೂಳೆಯ ಸೊಂಟದ ಭಾಗದಲ್ಲಿ ಬರುವ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಒಮ್ಮೆ ಬಿದ್ದು ಮುರಿದದ್ದಾಗಿರದೆ ದಿನದಿನದ ಹೊರೆಯಿಂದ ಹುಟ್ಟಿಕೊಳ್ಳುವ ಕೂದಲೆಳೆಯಷ್ಟು ಸಣ್ಣ ಬಿರುಕು, ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣಿಸದೆ ಇರುವುದೇ ಹೆಚ್ಚು, ಅದಕ್ಕೆ ಎಂಆರ್‌ಐ ಬೇಕು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ಹೇಳಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಕಾರವಾರದ ಕೇಂದ್ರದಲ್ಲಿ ಮೊದಲ ಭೇಟಿಗೆ ಒಂದೂವರೆ ತಾಸು ಹಿಡಿಯಿತು. ಕೇಂದ್ರವನ್ನು ನಡೆಸುವ ಮೇಡಂ ಅವನನ್ನು ಒಂದು ಕಾಲಿನ ಮೇಲೆ ನಿಲ್ಲಿಸಿ ಹಿಂದಕ್ಕೆ ಬಾಗಿಸಿ ನೋಡಿದರು. ಎಡಗಾಲಿನ ಮೇಲೆ ನಿಂತು ಬಾಗಿದಾಗ ಎಡಬದಿಯಲ್ಲಿ ನೋವು ಚುಚ್ಚಿತು. ಬಲಗೈ ಬೌಲರುಗಳಲ್ಲಿ ಈ ಬಿರುಕು ಬಹುಮಟ್ಟಿಗೆ ಎಡಬದಿಯಲ್ಲೇ ಆಗುತ್ತದೆ ಎಂದು ವಿವರಿಸಿ, ಅಂದೇ ಮೂಳೆ ವೈದ್ಯರಿಗೆ ಚೀಟಿ ಬರೆದುಕೊಟ್ಟರು, ಸ್ಕ್ಯಾನ್ ಆಗುವ ತನಕ ತಾವು ಯಾವ ಚಿಕಿತ್ಸೆಯನ್ನೂ ಶುರು ಮಾಡುವುದಿಲ್ಲ ಎಂದರು. ತಮ್ಮ ಕೈಯ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದವರ ಮೇಲೆ ನನಗೆ ಮೊದಲ ದಿನವೇ ನಂಬಿಕೆ ಹುಟ್ಟಿತು. ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ಬಿರುಕು ಇತ್ತು.

ಅವರು ಕೇಳಿದ ಇನ್ನೊಂದು ಪ್ರಶ್ನೆಯಿಂದ ನಾನು ತಲೆ ತಗ್ಗಿಸುವಂತಾಯಿತು. "ಮಾಸ್ತರ್ರೆ, ನೋವು ಬರೂಕೆ ಮೊದಲಿನ ಆರು ವಾರದಾಗೆ ಇವ ಒಟ್ಟು ಎಷ್ಟು ಚೆಂಡು ಹಾಕಿದ್ದ?" ನನ್ನ ಬಳಿ ಉತ್ತರವಿರಲಿಲ್ಲ, ಹುಡುಗನ ಬಳಿಯೂ ಇರಲಿಲ್ಲ. ಮನೆಗೆ ಬಂದು ಸ್ಕೋರರನ ಪುಸ್ತಕಗಳನ್ನೆಲ್ಲ ತರಿಸಿ ಲೆಕ್ಕ ಹಾಕಿದೆವು. ಜನವರಿ ಮುಗಿಯುವವರೆಗೆ ವಾರಕ್ಕೆ ಐವತ್ತು ಎಸೆತದ ಒಳಗೆ ಇದ್ದವನು, ಫೆಬ್ರವರಿಯಲ್ಲಿ ಎರಡು ಟೂರ್ನಿಗಳು ಒಂದರ ಬೆನ್ನಿಗೆ ಒಂದು ಬಂದಾಗ ವಾರಕ್ಕೆ ನೂರೈವತ್ತನ್ನು ದಾಟಿದ್ದ. ಸ್ಕೋರ್ ಪುಸ್ತಕದಲ್ಲಿ ಓವರ್ ಎಂದರೆ ಆರು ಎಸೆತ. ವೈಡ್ ಮತ್ತು ನೋಬಾಲ್‌ಗಳು ಬ್ಯಾಟಿಂಗ್ ತಂಡಕ್ಕೆ ರನ್ನಾಗಿ ಸೇರುತ್ತವೆ, ಬೌಲರಿನ ಬೆನ್ನಿನ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಸಂಜೆಯ ನೆಟ್ಸ್ ಅಭ್ಯಾಸದ ಎಸೆತಗಳನ್ನಂತೂ ಬರೆದಿಡುವವರೇ ಇಲ್ಲ. ಕೆಳಗೆ ಕಾಂಕ್ರೀಟು, ಮೇಲೆ ಮ್ಯಾಟು, ದಿನಕ್ಕೆ ಎರಡು ಪಂದ್ಯ, ಎರಡರಲ್ಲೂ ನಾಲ್ಕು ನಾಲ್ಕು ಓವರ್. ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚಾದರೆ ಬಿರುಕು ಬಿಡುತ್ತದೆ ಎಂದು ಮೇಡಂ ಹೇಳಿದಾಗ, ಆ ವೇಗವನ್ನು ಹೆಚ್ಚಿಸಿದವರು ನಾವೇ ಎಂಬುದು ನನಗೆ ಸ್ಪಷ್ಟವಾಯಿತು. ಅವನನ್ನು ಉಳಿಸಿಕೊಳ್ಳಬೇಕೇ ಎಂಬ ಚರ್ಚೆಯಲ್ಲಿ ಈ ಸಂಗತಿಯನ್ನು ಬದಿಗಿಡುವುದು ನನ್ನಿಂದ ಸಾಧ್ಯವಾಗಲಿಲ್ಲ.

ಚಿಕಿತ್ಸೆ ಮಳೆಗಾಲದುದ್ದಕ್ಕೂ ನಡೆಯಿತು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಮೈದಾನದಲ್ಲಿ ನೀರು ನಿಂತಿರುತ್ತದೆ, ಆದ್ದರಿಂದ ಆಡಲಾಗಲಿಲ್ಲ ಎಂಬ ಕೊರಗು ಹುಡುಗನಿಗೆ ಅಷ್ಟಾಗಿ ತಟ್ಟಲಿಲ್ಲ. ಮೊದಲ ಮೂರು ತಿಂಗಳು ಚೆಂಡು ಮುಟ್ಟುವಂತಿಲ್ಲ. ನಡಿಗೆ, ಹೊಟ್ಟೆ ಮತ್ತು ಸೊಂಟದ ಸ್ನಾಯುಗಳನ್ನು ಗಟ್ಟಿಮಾಡುವ ವ್ಯಾಯಾಮ, ಪಕ್ಕಕ್ಕೆ ಮಲಗಿ ಮೈಯನ್ನು ಎತ್ತಿ ಹಿಡಿಯುವುದು, ಆಮೇಲೆ ಓಟ. ಆರನೆಯ ವಾರದಲ್ಲಿ ನೋವು ಪೂರ್ತಿ ಹೋಯಿತು, ಹುಡುಗ ಬೌಲ್ ಮಾಡಲು ಕಾತರಿಸಿದ. ನೋವು ಹೋದದ್ದು ಬೇರೆ, ಮೂಳೆ ಕೂಡಿದ್ದು ಬೇರೆ ಎಂದು ಅವರು ಬಿಡಲಿಲ್ಲ. ಆಗಸ್ಟ್‌ನಿಂದ ನಿಂತಲ್ಲಿಂದಲೇ ಎಸೆತ, ಮುಂದೆ ಮೂರು ಹೆಜ್ಜೆಯಿಂದ, ಮುಂದೆ ಅರ್ಧ ರನ್‌ಅಪ್‌ನಿಂದ. ಪ್ರತಿ ವಾರಕ್ಕೂ ಎಷ್ಟು ಎಸೆತ ಎಂದು ಬರೆದ ಹಾಳೆ. ಒಂದು ಭೇಟಿಗೆ ನಾಲ್ಕುನೂರು ರೂಪಾಯಿ. ದಿನವೂ ಬನ್ನಿ ಎಂದು ಕರೆಯಲಿಲ್ಲ; ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಉಳಿದದ್ದು ಮನೆಯಲ್ಲಿ. ಬಸ್ಸಿನ ಖರ್ಚನ್ನೂ ಸೇರಿಸಿ ನೋಡಿದರೆ ಏಳು ತಿಂಗಳ ಈ ಸೇವೆ, ಮೊದಲು ಹತ್ತು ದಿನ ಹಿಡಿಸಿದ ಕರೆಂಟಿಗೆ ಹೋಲಿಸಿದಾಗ ದುಬಾರಿ ಎನಿಸುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿ ಮತ್ತು ಸೊಂಟದ ನೋವಿನ ವಯಸ್ಸಾದವರು ಕಂಬಿ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿದಾಗ ಸಂಕಟವಾಗುತ್ತದೆ. ಕೊಟ್ಟ ಸಮಯಕ್ಕೆ ಒಳಗೆ ಕರೆದದ್ದು ವಿರಳ, ಒಂದೊಂದು ದಿನ ಒಂದು ತಾಸಿನ ಮೇಲೆ ಕಾಯಬೇಕಾಯಿತು. ಓಡಿ ಬಂದು ಎಸೆಯುವಷ್ಟು ಜಾಗ ಅಲ್ಲಿಲ್ಲ. ಹೀಗಾಗಿ ಬೌಲಿಂಗ್ ಹಂತ ಬಂದಾಗ ನಾವು ಅಂಕೋಲೆಯ ಮೈದಾನದಲ್ಲಿ ಮೊಬೈಲಿನಲ್ಲಿ ವಿಡಿಯೋ ತೆಗೆದು ಕಳಿಸಬೇಕಾಯಿತು, ಉತ್ತರ ಬರಲು ಎರಡು ಮೂರು ದಿನ ಹಿಡಿಯುತ್ತಿತ್ತು. ವೇಗದ ಬೌಲರನ ಚಿಕಿತ್ಸೆಯಲ್ಲಿ ಅವನ ಎಸೆತವನ್ನು ಕಣ್ಣೆದುರು ನೋಡದಿರುವುದು ಸಣ್ಣ ಕೊರತೆಯಲ್ಲ.

ಚೌತಿಯ ಹೊತ್ತಿಗೆ ಸಮಿತಿಯಲ್ಲಿ ಚರ್ಚೆ ಬಿಸಿಯಾಯಿತು. "ಮಾಸ್ತರ್ರೆ, ಮುರಿದ ಹುಟ್ಟಿಗೆ ಯಾರಾದ್ರೂ ದೋಣಿ ಕಟ್ಟತ್ರ?" ಎಂದು ನಮ್ಮ ಖಜಾಂಚಿ ಕೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ಇನ್ನು ಕೆಲವರು ನಮ್ಮ ಕರ್ನಾಟಕದ ಪ್ರಸಿದ್ಧ್ ಕೃಷ್ಣ ಅವರ ಹೆಸರು ತೆಗೆದರು. 2022ರಲ್ಲಿ ರಾಜಸ್ಥಾನ್ ರಾಯಲ್ಸ್ ಪರ 19 ವಿಕೆಟ್ ಪಡೆದ ಅವರು ಇದೇ ಬಗೆಯ ಬೆನ್ನಿನ ಬಿರುಕಿನಿಂದ 2023ರ ಐಪಿಎಲ್ ಪೂರ್ತಿ ಆಡಲಿಲ್ಲ, ತೊಡೆಯ ಗಾಯದಿಂದ 2024ರಲ್ಲೂ ಆಡಲಿಲ್ಲ. ಆ ಬಳಿಕ ತಂಡ ಅವರನ್ನು ಬಿಟ್ಟಿತು. ಗುಜರಾತ್ ಟೈಟನ್ಸ್ 9.5 ಕೋಟಿ ರೂಪಾಯಿಗೆ ಕೊಂಡಿತು; 2025ರಲ್ಲಿ ಅವರು 25 ವಿಕೆಟ್ ಪಡೆದು ಎಲ್ಲರಿಗಿಂತ ಮುಂದೆ ನಿಂತರು. ಆದರೆ ರಾಜಸ್ಥಾನವನ್ನು ಸುಮ್ಮನೆ ದೂರುವಂತೆಯೂ ಇಲ್ಲ: ಪ್ರಸಿದ್ಧ್ ಜಾಗಕ್ಕೆ 2023ರಲ್ಲಿ ಬಂದ ಸಂದೀಪ್ ಶರ್ಮಾ ಚೆನ್ನಾಗಿ ಆಡಿ, ತಂಡ ಉಳಿಸಿಕೊಂಡ ಆಟಗಾರರಲ್ಲಿ ಒಬ್ಬರಾದರು.

ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಮಿಕ್ಕಿ ಎದುರಿಸುತ್ತ ಬಂದವರು ಅಮೆರಿಕದ ಬೇಸ್‌ಬಾಲ್ ತಂಡಗಳು ಎಂದು ಹ್ಯೂಸ್ಟನ್‌ನಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲಿ ಹೇಳಿದ. ಅಲ್ಲಿ ಆರಂಭಿಕ ಪಿಚರ್, ಅಂದರೆ ನಮ್ಮ ಬೌಲರಿನಂತೆ ಚೆಂಡು ಎಸೆಯುವವನು, ಪಂದ್ಯದ ಮೊದಲಿನಿಂದ ನೂರರ ಆಸುಪಾಸು ಚೆಂಡು ಎಸೆದು, ಮತ್ತೆ ಎಸೆಯಲು ಬರುವುದು ಐದಾರು ದಿನಗಳ ನಂತರ. ಅವರಿಗೆ ಪೆಟ್ಟಾಗುವುದು ಹೆಚ್ಚಾಗಿ ಮೊಣಕೈಯ ಒಳಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್‌ಗೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರಿನ ಇನ್ನೊಂದು ಕೈಯಿಂದ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ತಂತುವನ್ನು ತೆಗೆದು ಮೊಣಕೈಗೆ ಕಸಿ ಮಾಡಿದರು. ಅಲ್ಲಿಯವರೆಗೆ ಆ ಗಾಯವಾದರೆ ಆಟ ಮುಗಿದಂತೆಯೇ. ಆತ 1976ರಲ್ಲಿ ಮರಳಿ 1989ರವರೆಗೆ ಆಡಿದ, ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು. ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಜಸ್ಟಿನ್ ವರ್ಲ್ಯಾಂಡರ್ 2020ರಲ್ಲಿ ಒಂದೇ ಪಂದ್ಯ ಆಡಿ ಇದೇ ಶಸ್ತ್ರಚಿಕಿತ್ಸೆಗೆ ಒಳಗಾದರು, 2021 ಪೂರ್ತಿ ಹೊರಗಿದ್ದರು. ವಯಸ್ಸು ನಲವತ್ತರ ಸಮೀಪ. ಆದರೂ ತಂಡ 2.5 ಕೋಟಿ ಡಾಲರಿಗೆ ಅವರನ್ನು ಉಳಿಸಿಕೊಂಡಿತು. 2022ರಲ್ಲಿ ಅವರು 18 ಪಂದ್ಯ ಗೆದ್ದು 4 ಸೋತರು, ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು, ಆಸ್ಟ್ರೋಸ್ ಹಂಗಾಮಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಇನ್ನೊಂದು ಕಡೆ ವಾಷಿಂಗ್ಟನ್ ನ್ಯಾಷನಲ್ಸ್ ತಂಡ 2019ರ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರಿಗೆ ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಕೊಟ್ಟಿತು. ಆ ಬಳಿಕ ಅವರು ಆಡಿದ್ದು ಎಂಟೇ ಪಂದ್ಯ. ಬಾಸ್ಟನ್ ರೆಡ್ ಸಾಕ್ಸ್ ವರ್ಷಗಟ್ಟಲೆ ಕಾದು 2023ರ ಕೊನೆಗೆ ಅಟ್ಲಾಂಟಾಕ್ಕೆ ಬಿಟ್ಟುಕೊಟ್ಟ ಕ್ರಿಸ್ ಸೇಲ್ ಮರುವರ್ಷವೇ ಸೈ ಯಂಗ್ ಪಡೆದರು.

ಈ ಉದಾಹರಣೆಗಳನ್ನು ಕೇಳಿದ ಮೇಲೆ ನಿಷ್ಠೆಯೋ ಲೆಕ್ಕವೋ ಎಂಬ ನಮ್ಮ ಜಗಳ ನನಗೆ ಹುರುಳಿಲ್ಲದ್ದೆನಿಸಿತು. ವರ್ಲ್ಯಾಂಡರ್ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ: ಒಪ್ಪಂದಕ್ಕೆ ಮೊದಲು, 2021ರ ನವೆಂಬರ್‌ನಲ್ಲಿ, ಅವರು ಹಲವು ತಂಡಗಳ ಪ್ರತಿನಿಧಿಗಳ ಎದುರು ಚೆಂಡು ಎಸೆದು ತೋರಿಸಿದ್ದರು. ಅಲ್ಲಿನ ನಿಯಮದಲ್ಲಿ ಇನ್ನೊಂದು ಅನುಕೂಲವೂ ಇದೆ. ದೀರ್ಘ ಗಾಯವಾದವನನ್ನು 60 ದಿನಗಳ ಗಾಯಾಳು ಪಟ್ಟಿಗೆ ಸೇರಿಸಿದರೆ ಅವನು ತಂಡದವನಾಗಿಯೇ ಉಳಿಯುತ್ತಾನೆ, ಆದರೆ ನಲವತ್ತು ಮಂದಿಯ ಪಟ್ಟಿಯಲ್ಲಿ ಅವನ ಜಾಗ ಬೇರೊಬ್ಬನಿಗೆ ತೆರೆಯುತ್ತದೆ. ನಮ್ಮ ಊರ ಲೀಗಿನಲ್ಲಿ ಅಂಥ ನಿಯಮವಿಲ್ಲ. ಇದ್ದಿದ್ದರೆ ಹುಡುಗರು ಜಾಗ ಹೋದೀತೆಂದು ನೋವು ಮುಚ್ಚಿಟ್ಟು ಆಡುತ್ತಿರಲಿಲ್ಲ.

ಆದ್ದರಿಂದ ಅಕ್ಟೋಬರ್‌ನಲ್ಲಿ ನಾನು ಮೇಡಂ ಬಳಿ, ಇವನ ಸ್ಥಿತಿಯನ್ನು ಸಮಿತಿಗೆ ಬರೆದು ಕೊಡಬಹುದೇ ಎಂದು ಕೇಳಿದೆ. ಅವರು ನನ್ನನ್ನು ಹೊರಗೆ ಕೂರಿಸಿ, ಹುಡುಗನ ಒಪ್ಪಿಗೆ ಕೇಳಿ, ಅವನ ಸಹಿ ಪಡೆದ ಮೇಲೆಯೇ ಬರೆದರು. ಖರ್ಚು ಕೊಟ್ಟವರು ನಾವಾದರೂ ಬೆನ್ನು ಅವನದು ಎಂಬ ಈ ತಿಳಿವಳಿಕೆಗಾಗಿ ಅವರನ್ನು ಮನಸಾರೆ ಗೌರವಿಸುತ್ತೇನೆ. ಮೊದಲು ಕೊಟ್ಟದ್ದು ಇಂಗ್ಲಿಷಿನಲ್ಲಿ ಒಂದೇ ಸಾಲು. ಅದರಿಂದ ಪ್ರಯೋಜನವಿಲ್ಲ ಎಂದಾಗ ಬೇಸರಿಸದೆ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರು. ಫಿಟ್ ಅಥವಾ ಅನ್‌ಫಿಟ್ ಎಂಬ ಮಾತು ಅದರಲ್ಲಿರಲಿಲ್ಲ. ದಿನಕ್ಕೆ ಒಂದೇ ಪಂದ್ಯ. ಸತತ ಎರಡು ದಿನ ಬೌಲಿಂಗ್ ಇಲ್ಲ. ನೆಟ್ಸ್, ವೈಡ್, ನೋಬಾಲ್ ಎಲ್ಲ ಸೇರಿ ಜನವರಿ ಮುಗಿಯುವವರೆಗೆ ವಾರಕ್ಕೆ 60 ಎಸೆತ, ಆಮೇಲೆ ನಿಧಾನಕ್ಕೆ ಏರಿಕೆ. ಬೆಳಿಗ್ಗೆ ಎದ್ದಾಗ ಬೆನ್ನು ಬಿಗಿದಿದ್ದರೆ ಅಂದು ಆಟವಿಲ್ಲ. ಅಮೆರಿಕದಲ್ಲಿ 17–18ರ ಹುಡುಗರು ಒಂದು ದಿನಕ್ಕೆ 105 ಎಸೆತ ಮೀರಬಾರದು, ಎಸೆತ ಹೆಚ್ಚಾದಷ್ಟೂ ವಿಶ್ರಾಂತಿಯ ದಿನಗಳೂ ಹೆಚ್ಚಬೇಕು ಎಂಬ ಮಾರ್ಗಸೂಚಿ ಬೇಸ್‌ಬಾಲಿನಲ್ಲಿದೆ. ಮೇಡಂ ಬರೆದ ಪುಟ ಅದೇ ಜಾತಿಯದು.

ಆ ಪುಟವನ್ನು ಮೇಜಿನ ಮೇಲಿಟ್ಟಾಗ ಚರ್ಚೆ ಅರ್ಧ ತಾಸಿನಲ್ಲಿ ಮುಗಿಯಿತು. ಹತ್ತು ಪಂದ್ಯಗಳಲ್ಲಿ ಅವನು ಆರಕ್ಕೆ ಸಿಗುತ್ತಾನೆ ಎಂಬುದು ತಿಳಿಯಿತು, ಉಳಿದ ನಾಲ್ಕಕ್ಕೆ ಎಂಥ ಬೌಲರನ್ನು ಹರಾಜಿನಲ್ಲಿ ಹುಡುಕಬೇಕೆಂಬುದೂ ತಿಳಿಯಿತು. ಖಜಾಂಚಿಯವರೇ ಉಳಿಸಿಕೊಳ್ಳೋಣ ಎಂದರು. ನನ್ನ ಅಭಿಪ್ರಾಯವೂ ಅದೇ: ಗಾಯ ಕೂಡಿದೆ ಎಂಬುದಕ್ಕೆ ಆಧಾರವಿದ್ದು, ಹೊರೆಯ ಮಿತಿಯನ್ನು ತಂಡ ಬರಹದಲ್ಲಿ ಒಪ್ಪುವುದಾದರೆ ಉಳಿಸಿಕೊಳ್ಳಬೇಕು, ಮಿತಿಯನ್ನು ಪಾಲಿಸುವ ಮನಸ್ಸಿಲ್ಲದ ತಂಡ ಅವನನ್ನು ಬಿಡುವುದೇ ಅವನಿಗೆ ಒಳ್ಳೆಯದು. ಡಿಸೆಂಬರ್‌ನಿಂದ ಅವನು ಮೂರು ಪಂದ್ಯ ಆಡಿದ್ದಾನೆ. ವೇಗ ಮೊದಲಿನಷ್ಟು ಇನ್ನೂ ಬಂದಿಲ್ಲ. ಎರಡನೆಯ ಪಂದ್ಯದ ದಿನವೇ ಸಂಜೆ ಸೆಮಿಫೈನಲ್ ಇತ್ತು. ಅವನನ್ನು ಕೂರಿಸಿದೆವು, ಸೋತೆವು. ನಾಯಕ ಒಂದು ಮಾತೂ ಆಡಲಿಲ್ಲ, ಅದಕ್ಕೆ ನಾನು ಅವನಿಗೆ ಋಣಿ.

ಈ ಬಗೆಯ ಕೇಂದ್ರಕ್ಕೆ ಬೌಲರನ್ನು ಕರೆದೊಯ್ಯುವವರು ಎಕ್ಸ್‌ರೇ ಜೊತೆಗೆ ಕಳೆದ ಎರಡು ತಿಂಗಳ ಸ್ಕೋರ್ ಪುಸ್ತಕವನ್ನೂ ಒಯ್ಯಿರಿ, ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ, ತಂಡಕ್ಕೆ ಬೇಕಾದ ಬರಹವನ್ನು ಆಟಗಾರನ ಎದುರಿಗೇ ಕೇಳಿರಿ. ನಮ್ಮ ಹುಡುಗನ ಮುಂದಿನ ತಪಾಸಣೆ ಫೆಬ್ರವರಿಯ ಎರಡನೆಯ ವಾರದಲ್ಲಿದೆ. ಈ ಸಲ ಮೇಡಂ ತಾವೇ ಅಂಕೋಲೆಗೆ ಬಂದು ಮೈದಾನದಲ್ಲಿ ಅವನ ಎಸೆತ ನೋಡುವುದಾಗಿ ಹೇಳಿದ್ದಾರೆ.