ಡಿಜಿಲಾಕರ್: ಪೊಲೀಸರು ಕೈ ಅಡ್ಡ ಹಾಕಿದಾಗ ಎಷ್ಟು ಕೆಲಸಕ್ಕೆ ಬರುತ್ತೆ?

ಚಿಕ್ಕಪೇಟೆಯಲ್ಲಿ ಬಟನ್, ಜಿಪ್, ಲೈನಿಂಗ್ ಬಟ್ಟೆ ತೆಗೆದುಕೊಂಡು ಯಲಹಂಕದ ಟೈಲರ್ ಅಂಗಡಿಗಳಿಗೆ ಸ್ಕೂಟರ್‌ನಲ್ಲಿ ಹಾಕಿ ಬರುವವಳು ನಾನು. ದಿನವಿಡೀ ರಸ್ತೆಯಲ್ಲೇ ಇರುವವರಿಗೆ ಡಿಜಿಲಾಕರ್ ಬೇಕೇಬೇಕು. ಲೈಸೆನ್ಸ್, ಆರ್‌ಸಿ (ಗಾಡಿಯ ನೋಂದಣಿ ಪತ್ರ) ಎಲ್ಲ ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಆಪ್ ಇದು. ದುಡ್ಡೇನೂ ಕೊಡಬೇಕಿಲ್ಲ.

ಆದರೆ ಇದರ ಕೆಲಸವೆಲ್ಲ ಮನೆಯಲ್ಲೇ ಮುಗಿದಿರಬೇಕು. ಡಿಎಲ್ ನಂಬರ್ ಹಾಕಿದರೆ ಲೈಸೆನ್ಸ್ ಬರುತ್ತದೆ. ಆರ್‌ಸಿಗೆ ಗಾಡಿ ನಂಬರ್ ಜೊತೆ ಚಾಸಿ ನಂಬರ್ ಕೇಳುತ್ತದೆ. ಅದು ಆರ್‌ಸಿ ಕಾರ್ಡಿನಲ್ಲೇ ಇರುತ್ತದೆ, ಸುಮ್ನೆ ಗಾಡಿ ಕೆಳಗೆ ಬಗ್ಗಿ ಹುಡುಕಬೇಡಿ. ನಮ್ಮ ಕಡೆ ಜಾಸ್ತಿ ತೊಂದರೆ ಕೊಡುವುದು ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಲೈಸೆನ್ಸ್‌ನಲ್ಲಿ ಬರೀ ಒಂದಕ್ಷರ ಇದ್ದರೆ ಹೆಸರು ಹೊಂದುವುದಿಲ್ಲ, ದಾಖಲೆ ಬರುವುದಿಲ್ಲ.

ವಾಟ್ಸಾಪ್‌ನಲ್ಲಿರುವ ಆರ್‌ಸಿ ಫೋಟೋ ನಡೆಯುವುದಿಲ್ಲ. ಆಪ್‌ನಲ್ಲೂ ಇಶ್ಯೂಡ್ ಅಂತ ಇರುವುದು ಮಾತ್ರ ಲೆಕ್ಕಕ್ಕೆ, ನಾವೇ ಸ್ಕ್ಯಾನ್ ಮಾಡಿ ಸೇರಿಸಿದ್ದಲ್ಲ. ಡಿಜಿಟಲ್ ದಾಖಲೆ ತೋರಿಸಿದರೂ ಸಾಕು ಅಂತ 2018ರಲ್ಲೇ ಕೇಂದ್ರದ ಮೋಟಾರು ವಾಹನ ನಿಯಮ 139ಕ್ಕೆ ತಿದ್ದುಪಡಿ ಆಗಿದೆ. ಇನ್ಶೂರೆನ್ಸ್, ಎಮಿಷನ್ ಯಾವತ್ತಿನವರೆಗೆ ಇದೆ ಅಂತ ನೋಡಲು ನಾನು ಸಾರಿಗೆ ಇಲಾಖೆಯ ಎಂಪರಿವಾಹನ್ ಆಪ್ ಕೂಡ ಇಟ್ಟುಕೊಂಡಿದ್ದೇನೆ.

ಇನ್ನು ನಿಲ್ಲಿಸಿದಾಗ. ಪಕ್ಕಕ್ಕೆ ಹಾಕಿ ಗಾಡಿ ಆಫ್ ಮಾಡಿ, "ಏನಾಯ್ತು ಸರ್?" ಅಂತ ಕೇಳುತ್ತೇನೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು, ಅದು ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್. ಬರೀ ದಾಖಲೆ ನೋಡಲು ಗಾಡಿ ತಡೆಯಬೇಡಿ, ಕಣ್ಣಿಗೆ ಕಾಣುವ ತಪ್ಪಿದ್ದರೆ ಮಾತ್ರ ನಿಲ್ಲಿಸಿ ಅಂತ 2022ರ ಜೂನ್‌ನಲ್ಲಿ ರಾಜ್ಯದ ಡಿಜಿಪಿ ಹೇಳಿದ್ದು ನನಗೂ ಗೊತ್ತು. ಆದರೆ ಮೂಟೆ ಇಟ್ಟುಕೊಂಡು ಬಿಸಿಲಲ್ಲಿ ವಾದ ಮಾಡಲು ಪುರುಸೊತ್ತು ಯಾರಿಗಿದೆ? ಆಪ್ ತೆರೆದು ಸ್ಕ್ರೀನ್ ಅವರ ಕಡೆ ತಿರುಗಿಸುತ್ತೇನೆ. ಕ್ಯೂಆರ್ ಕೋಡ್ ಇದೆ, ಬೇಕಾದರೆ ಸ್ಕ್ಯಾನ್ ಮಾಡಿಕೊಳ್ಳಲಿ. ಫೋನ್ ಮಾತ್ರ ನನ್ನ ಕೈಯಲ್ಲೇ. ಅದರಲ್ಲಿ ನನ್ನ ಬ್ಯಾಂಕೂ ಇದೆ, ಅಲ್ವಾ?

ದಂಡ ಹಾಕಿದರೆ ರಸೀದಿ ಕೇಳಿ. ಲೈಸೆನ್ಸ್ ಕಾರ್ಡನ್ನೇ ಇಟ್ಟುಕೊಂಡರೂ 206ನೇ ಸೆಕ್ಷನ್ ಪ್ರಕಾರ ಅದಕ್ಕೆ ಸ್ವೀಕೃತಿ ಪತ್ರ ಕೊಡಬೇಕು. ತಪ್ಪು ನಮ್ಮದಲ್ಲ ಅನ್ನಿಸಿದರೆ ದಂಡ ಕಟ್ಟದೆ ಕೋರ್ಟಿನಲ್ಲಿ ಹೇಳಿಕೊಳ್ಳಬಹುದು. ಹೆಲ್ಮೆಟ್ ಇಲ್ಲದಿದ್ದರೆ ಯಾವ ಆಪೂ ಕಾಪಾಡಲ್ಲ, ನಮ್ಮ ರಾಜ್ಯದಲ್ಲಿ 500 ರೂಪಾಯಿ.

ಐದಕ್ಕೆ ನಾಲ್ಕು ಸ್ಟಾರ್. ನೆಟ್‌ವರ್ಕ್ ಸಿಗದ ಜಾಗದಲ್ಲಿ ಇದನ್ನೊಂದೇ ನಂಬಿಕೊಂಡರೆ ಕಷ್ಟ. ಹಾಗಾಗಿ ಪ್ಲಾಸ್ಟಿಕ್ ಕಾರ್ಡನ್ನೂ ಪರ್ಸಿನಲ್ಲಿ ಇಟ್ಟುಕೊಂಡೇ ಓಡಾಡುತ್ತೇನೆ.