ಬಾಕ್ಸ್ 1970ರದ್ದು, ಒಳಗಿನ ರೆಕಾರ್ಡ್ 2021ರದ್ದು: ಜಾರ್ಜ್ ಹ್ಯಾರಿಸನ್ ಎಲ್‌ಪಿ ಕೊಳ್ಳುವವರೇ, ಹುಷಾರು

ಹದಿನಾರು ಸಾವಿರ ರೂಪಾಯಿ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ಆಲ್ಬಮ್ 'ಆಲ್ ಥಿಂಗ್ಸ್ ಮಸ್ಟ್ ಪಾಸ್', ಮೂರು ಎಲ್‌ಪಿ (ದೊಡ್ಡ ವಿನೈಲ್ ರೆಕಾರ್ಡ್), ಬ್ರಿಟನ್ನಿನ ಮೊದಲ ಪ್ರೆಸ್ಸಿಂಗ್ (ಮೊದಲ ಸಲ ಅಚ್ಚೊತ್ತಿದ ಪ್ರತಿ), 1970 ಎಂದು ಹೇಳಿ ಒಬ್ಬರು ನನಗೆ ಮಾರಿದರು. ಬಾಕ್ಸ್ ನಿಜಕ್ಕೂ ಹಳೆಯದೇ, ಅದರಲ್ಲಿ ಅನುಮಾನವಿಲ್ಲ. ಮೂಲೆ ಸವೆದಿದೆ, ಮುಖಪುಟದ ಕಪ್ಪು-ಬಿಳುಪು ಚಿತ್ರ ಸರಿಯಾಗಿದೆ. (2001ರ ಮರುಬಿಡುಗಡೆಯಲ್ಲಿ ಇದೇ ಚಿತ್ರಕ್ಕೆ ಬಣ್ಣ ಹಾಕಿದ್ದಾರೆ. ಅದನ್ನು ಯಾರಾದರೂ ಮೊದಲ ಪ್ರೆಸ್ಸಿಂಗ್ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.) ಮೋಸ ಇದ್ದದ್ದು ಬಾಕ್ಸಿನ ಒಳಗೆ.

ಗೊತ್ತಾಗಿದ್ದು ಮೊದಲ ಬದಿಯ ಮೂರನೇ ಹಾಡು, 'ವಾ-ವಾ' ಶುರುವಾದಾಗ. ನಿರ್ಮಾಪಕ ಫಿಲ್ ಸ್ಪೆಕ್ಟರ್ ಜೊತೆ ಹ್ಯಾರಿಸನ್ ಮಾಡಿದ ಮೂಲ ಮಿಕ್ಸ್‌ನಲ್ಲಿ (ವಾದ್ಯ, ದನಿಗಳನ್ನು ಬೆರೆಸಿದ ರೀತಿ) ಈ ಹಾಡು ಅಂದರೆ ಒಂದು ಗೋಡೆ. ಗಿಟಾರು, ಹಾರ್ನ್, ಡ್ರಮ್ಸ್ ಎಲ್ಲ ರಿವರ್ಬ್‌ನಲ್ಲಿ, ಅಂದರೆ ಅನುರಣನದಲ್ಲಿ, ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಗಾಯಕನ ದನಿ ಅದರೊಳಗೆ ಅರ್ಧ ಮುಳುಗಿರುತ್ತದೆ. ಇಲ್ಲಿ ದನಿ ಮುಂದೆ ಬಂದು ನಿಂತಿದೆ. ರಿವರ್ಬ್ ಇಳಿದಿದೆ, ಬಾಸ್ ಬಿಡಿಬಿಡಿಯಾಗಿ ಕೇಳುತ್ತಿದೆ. ಹತ್ತು ಸೆಕೆಂಡಿಗೇ ಹೊಟ್ಟೆಯಲ್ಲಿ ತಳಮಳ. ಇದು ಸೌಂಡ್ ಎಂಜಿನಿಯರ್ ಪಾಲ್ ಹಿಕ್ಸ್ ಮಾಡಿದ 2021ರ ರೀಮಿಕ್ಸ್. ಅದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ರಿವರ್ಬ್ ಅತಿಯಾಯಿತು ಎಂದು ಹ್ಯಾರಿಸನ್ ಅವರೇ 2001ರ ಮರುಬಿಡುಗಡೆಯ ಟಿಪ್ಪಣಿಯಲ್ಲಿ ಬರೆದಿದ್ದರು. ಆದರೆ ನಾನು ಹಣ ಕೊಟ್ಟದ್ದು ಅದಕ್ಕಲ್ಲ!

ಸೂಜಿ ಎತ್ತಿ ಲೇಬಲ್‌ನ ಅಂಚು ನೋಡಿದೆ. ಸಣ್ಣ ಅಕ್ಷರದಲ್ಲಿ 2021. ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ, 182 ಗ್ರಾಂ. ಆ ಕಾಲದ ರೆಕಾರ್ಡ್ ಸಾಮಾನ್ಯವಾಗಿ 120ರಿಂದ 140 ಗ್ರಾಂ ತೂಗುತ್ತದೆ. 180 ಗ್ರಾಂ ಇತ್ತೀಚಿನ ಮರುಮುದ್ರಣಗಳ ತೂಕ. ಕೈಗೆತ್ತಿಕೊಂಡಾಗಲೇ ಭಾರ ಅನ್ನಿಸಿತ್ತು. ಬಾಕ್ಸ್ ನೋಡಿದ ಖುಷಿಯಲ್ಲಿ ಅದನ್ನು ಅಲ್ಲಿಗೇ ಬಿಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮಾರಿದವರಿಗೆ ಲೇಬಲ್ ಫೋಟೋ ಕಳಿಸಿದೆ. ಮೊದಲ ಉತ್ತರ: "ಸರ್, ಬಾಕ್ಸ್ ಒರಿಜಿನಲ್ ಅಂದಿದ್ದೆ, ಒರಿಜಿನಲ್ಲೇ ಇದೆಯಲ್ಲ." ಜಾಹೀರಾತಿನಲ್ಲಿ 'ಫಸ್ಟ್ ಪ್ರೆಸ್ಸಿಂಗ್' ಅಂತ ನೀವೇ ಬರೆದಿದ್ದೀರಲ್ಲ, ಬಾಕ್ಸನ್ನು ಯಾರಾದರೂ ಪ್ರೆಸ್ ಮಾಡ್ತಾರಾ ಅಂತ ಕೇಳಿದೆ. ಎರಡು ದಿನ ಸುದ್ದಿಯಿಲ್ಲ. ಆಮೇಲೆ: "ಹಳೇ ರೆಕಾರ್ಡ್ ಗೀರು ಬಿದ್ದಿತ್ತು ಸರ್, ನಿಮಗೆ ಒಳ್ಳೇದಾಗಲಿ ಅಂತ ಹೊಸದು ಹಾಕಿದೆ. ಸೌಂಡ್ ಇನ್ನೂ ಕ್ಲಿಯರ್ ಇದೆ, ಕೇಳಿ ನೋಡಿ." ಅಂದರೆ ಗೊತ್ತಿದ್ದೇ ಮಾಡಿದ್ದು. ಗೊತ್ತಿದ್ದೇ! ಕೊನೆಗೆ, "ಓಪನ್ ಮಾಡುವಾಗ ವಿಡಿಯೊ ಮಾಡಿಲ್ಲ ಅಂದ್ರೆ ರಿಟರ್ನ್ ಇಲ್ಲ. ಬೇಕಾದ್ರೆ 1,500 ವಾಪಸ್ ಹಾಕ್ತೀನಿ."

ಹಣ ಹಾಕುವ ಮೊದಲು ಡೆಡ್ ವ್ಯಾಕ್ಸ್ ಫೋಟೋ ಕೇಳಿ. ಅಂದರೆ ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ನುಣುಪು ಜಾಗ. ಟಾರ್ಚ್ ಓರೆಯಾಗಿ ಹಿಡಿದು ತೆಗೆದ ಫೋಟೋ ಬೇಕು, ಆರೂ ಬದಿಗಳದ್ದು, ಒಂದೇ ಬದಿಯದ್ದಲ್ಲ. ಆ ಕಾಲದ ಇಎಂಐ (ಬ್ರಿಟನ್ನಿನ ರೆಕಾರ್ಡ್ ಕಂಪನಿ) ಪ್ರೆಸ್ಸಿಂಗ್‌ಗಳಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ (ಆ ಬದಿಯ ಗುರುತಿನ ಸಂಖ್ಯೆ) ಗಡಿಯಾರದ ಆರು ಗಂಟೆಯ ಜಾಗದಲ್ಲಿದ್ದರೆ, ಒಂಬತ್ತು ಗಂಟೆಯ ಜಾಗದಲ್ಲಿ ಮದರ್ ಸಂಖ್ಯೆ (ಸ್ಟಾಂಪರ್ ತಯಾರಿಸುವ ಲೋಹದ ಪ್ರತಿಯ ಸಂಖ್ಯೆ), ಮೂರು ಗಂಟೆಯ ಜಾಗದಲ್ಲಿ ಸ್ಟಾಂಪರ್ (ರೆಕಾರ್ಡ್ ಒತ್ತುವ ಅಚ್ಚು) ಅಕ್ಷರ ಇರುತ್ತವೆ. ಅಕ್ಷರಗಳು ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ. ಇವು ಕ್ರಮವಾಗಿ 1ರಿಂದ 9, ಕೊನೆಯದು 0. 'ಆರ್‌ಜಿ' ಅಂದರೆ 21ನೇ ಸ್ಟಾಂಪರ್. "ಪ್ಲಾಸ್ಟಿಕ್ ಕವರ್ ತೆಗೆಯಲ್ಲ ಸರ್" ಅನ್ನುವವರಿಂದ ಕೊಳ್ಳಲೇಬೇಡಿ. ನನಗೂ ಅದನ್ನೇ ಹೇಳಿದ್ದರು.

ಅದೇ ಮನುಷ್ಯ ಈಗ ಹ್ಯಾರಿಸನ್ ಅವರದ್ದೇ 'ಸಮ್‌ವೇರ್ ಇನ್ ಇಂಗ್ಲೆಂಡ್' ಆಲ್ಬಮ್‌ನ ಸಿಡಿಯನ್ನು 'ಕಂಪನಿ ತಿರಸ್ಕರಿಸಿದ 1980ರ ಅಪರೂಪದ ಆವೃತ್ತಿ' ಅಂತ ಮಾರಾಟಕ್ಕಿಟ್ಟಿದ್ದಾರೆ. ಕೇಳಿ: ವಾರ್ನರ್ ಕಂಪನಿ 1980ರಲ್ಲಿ ಆ ಆಲ್ಬಮ್ ಒಪ್ಪದೆ ವಾಪಸ್ ಕಳಿಸಿದ್ದು ನಿಜ. ನಾಲ್ಕು ಹಾಡು ತೆಗೆದು ಬೇರೆ ನಾಲ್ಕು ಸೇರಿಸಿದ್ದು, ಮುಖಪುಟ ಬದಲಿಸಿದ್ದು, 1981ರಲ್ಲಿ ಬಿಡುಗಡೆಯಾದದ್ದು, ಎಲ್ಲ ನಿಜ. ಆದರೆ 2004ರ ಮರುಬಿಡುಗಡೆಯಲ್ಲಿ ಆ ಹಳೆಯ ಮುಖಪುಟವನ್ನು ವಾಪಸ್ ತಂದರು, ಹಾಡುಗಳನ್ನಲ್ಲ. ಹಿಂಬದಿಯ ಪಟ್ಟಿ ನೋಡಿ. ಮೊದಲ ಹಾಡು 'ಬ್ಲಡ್ ಫ್ರಂ ಎ ಕ್ಲೋನ್' ಇದ್ದರೆ ಅದು ಎಲ್ಲರ ಬಳಿಯೂ ಇರುವ 1981ರ ಪಟ್ಟಿಯೇ. ತಿರಸ್ಕೃತವಾದದ್ದು ಶುರುವಾಗುತ್ತಿದ್ದದ್ದು 'ಹಾಂಗ್ ಕಾಂಗ್ ಬ್ಲೂಸ್'ನಿಂದ. ಮುಖಪುಟ ನೋಡಿ ದುಡ್ಡು ಹಾಕಬೇಡಿ.

ಆ 1,500 ನಾನು ತೆಗೆದುಕೊಂಡಿಲ್ಲ. ಬಾಕ್ಸ್ ಮಾತ್ರ ವಾಪಸ್ ಕಳಿಸಿ ಅಂತ ಈಗ ದಿನಾ ಮೆಸೇಜ್ ಬರುತ್ತಿದೆ. ಪೂರ್ತಿ ಹದಿನಾರು ಸಾವಿರ ಖಾತೆಗೆ ಬೀಳುವವರೆಗೆ ಕಳಿಸುವುದಿಲ್ಲ.